ಸರಿಪಾಲಿನ ಮನೆ

ತೆರಕಣಾಂಬಿಯಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ, ಮನೆಯ ಯಜಮಾನರು ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಹಣೆತುಂಬ ವಿಭೂತಿ. ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಈ ಊರಲ್ಲಿ ಕೆಲ್ಸ ಯಾರ್ದು? ನಿಮ್ದೋ, ಅಮ್ಮಾವ್ರದೋ?"

"ಇಬ್ಬರದ್ದೂ ಅಲ್ಲ."

"ನೆಂಟ್ರು ಗಿಂಟ್ರು ಅವ್ರಾ?"

"ಇಲ್ಲ."

"ಮತ್ತೆ ಜಮೀನು ಏನಾರ?"

"ಅದೂ ಇಲ್ಲ. ನನಗೆ ಚಾಮರಾಜನಗರದಲ್ಲಿ ಕೆಲಸ, ಇವಳಿಗೆ ಹಂಗಳದ ಕಡೆ. ನಿಮ್ಮ ಊರು ಸರಿಮಧ್ಯದಲ್ಲಿ ಬರುತ್ತೆ."

ಯಜಮಾನರು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು, ಅದನ್ನು ಒಂದು ಕೆನ್ನೆಗೆ ಒತ್ತರಿಸಿ ಹೇಳಿದರು: "ಅಂದ್ರೆ ಇಬ್ರುಗೂ ದೂರ ಆಗ್ಲಿ ಅಂತ ಇಲ್ಲಿಗ್ ಬಂದಿದ್ದೀರಿ."

ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ನಾನು ಮಾತ್ರ ಪಾಪ, ಹಳ್ಳಿಯ ಮುದುಕರು, ಲೆಕ್ಕ ತಿಳಿಯದು ಎಂದುಕೊಂಡೆ. ಬಿ.ಎಸ್ಸಿ ಓದಿದವನ ದೊಡ್ಡ ಅನುಕೂಲವೆಂದರೆ ಇಂಥ ಸಮಯದಲ್ಲಿ ಇನ್ನೊಬ್ಬರ ಮೇಲೆ ಕನಿಕರ ಪಡಬಹುದು.

ನಾನು ಸರ್ವೇಯರ್. ಅಣ್ಣತಮ್ಮಂದಿರ ಜಮೀನನ್ನು ಅಳೆದು ಪಾಲು ಮಾಡಿ, ಎಲ್ಲೆಗೆ ಕಲ್ಲು ನೆಡಿಸುವುದು ನನ್ನ ಕಸುಬು. ಹರವೆ ಹೋಬಳಿಯ ಹೊಲಗಳಲ್ಲಿ ಒಂದಡಿ ಆಚೀಚೆಯಾದದ್ದಕ್ಕೆ ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗದ ಒಡಹುಟ್ಟಿದವರನ್ನು ನೋಡಿದ್ದೇನೆ. ಹಾಗಾಗಿ 'ಸಮ' ಎಂಬ ಪದದ ಮೇಲೆ ನನಗೆ ದೇವರ ಮೇಲಿಲ್ಲದಷ್ಟು ಭಕ್ತಿ. ಎರಡು ಕಡೆಯವರೂ ಒಂದೇ ಅಳತೆಯಲ್ಲಿ ಗೊಣಗುತ್ತಿದ್ದರೆ ಕೆಲಸ ಸರಿಯಾಗಿದೆ ಎಂದು ಅರ್ಥ.

ಮದುವೆಯಾದ ಮೇಲೆ ಎಲ್ಲಿ ಇರುವುದು ಎಂಬ ಮಾತು ಬಂದಾಗ ಹೆಂಡತಿ ತನ್ನ ಕಡೆಯ ವಾದವನ್ನು ಎರಡು ನಿಮಿಷದಲ್ಲಿ ಮುಗಿಸಿದ್ದಳು. ಅವಳು ಹಂಗಳದಿಂದ ಸ್ವಲ್ಪ ಒಳಗೆ, ಹೊಲಗಳ ನಡುವಿನ ಒಂದು ಶಾಲೆಯಲ್ಲಿ ಟೀಚರ್. ಹಂಗಳ ಅವಳ ತವರೂ ಹೌದು. "ನೀವು ಹತ್ತೂವರೆಗೆ ಆಫೀಸಿಗೆ ಹೋದ್ರೂ ಯಾರೂ ಕೇಳಲ್ಲ. ಫೀಲ್ಡಿಗೆ ಹೋಗಿದ್ದೆ ಅಂದ್ರಾಯ್ತು. ನನ್ನ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತ್ಕೊಂಡು ದಾರಿ ನೋಡ್ತಿರ್ತಾರೆ. ಹಂಗಳದಲ್ಲೇ ಮನೆ ಮಾಡೋಣ. ಅಪ್ಪನ ಮನೇಲಿ ಬೇಡ, ಬೇರೇನೇ ಮಾಡೋಣ. ನೀವು ಬಸ್ಸಲ್ಲಿ ಆರಾಮಾಗಿ ನಿದ್ದೆ ಮಾಡ್ಕೊಂಡು ಹೋಗಿ."

ಇದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆದ್ದರಿಂದ ಆನೆಯನ್ನು ತಂದೆ.

"ಕಾಡಂಚಿನ ಊರು ಕಣೇ. ಆನೆ ಬರುತ್ತೆ. ಚಿರತೆ ಬರುತ್ತೆ. ಗಾಡೀಲಿ ಓಡಾಡೋರಿಗೆ ಅಪಾಯ."

"ನಾನು ಹುಟ್ಟಿದಾಗಿಂದ ಅಲ್ಲೇ ಇದ್ದೀನಿ. ಆನೆ ಬಂದ್ರೆ ಹೊಲಕ್ಕೆ ಬರುತ್ತೆ ಕಣ್ರೀ. ಬಾಡಿಗೆಗೆ ಮನೆ ಖಾಲಿ ಇದ್ಯಾ ಅಂತ ಕೇಳ್ಕೊಂಡು ಬರಲ್ಲ."

ನನಗೆ ಆನೆಯ ಭಯ ಇರಲೇ ಇಲ್ಲ. ನನಗಿದ್ದದ್ದು ಕುದೇರಿನ ಭಯ. ಕುದೇರು ನನ್ನೂರು. ಅಲ್ಲಿ ನನ್ನ ಅಣ್ಣನಿದ್ದಾನೆ. ಹಂಗಳದಲ್ಲಿ ಮನೆ ನೋಡುವ ಯೋಚನೆ ಇದೆ ಎಂದು ಒಮ್ಮೆ ಬಾಯಿತಪ್ಪಿ ಅಂದಿದ್ದಕ್ಕೆ ಅವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ, ಅಕ್ಕಪಕ್ಕದ ಮೂರು ಮನೆಗೂ ಕೇಳುವಂತೆ ಹೇಳಿದ್ದ: "ಎಂಡ್ತಿ ಊರ್ಗ್ ಓಯ್ತೀಯೇನ್ಲಾ? ಓಗು, ಓಗು. ಮಾವ ಮಂಚ ಮಾಡ್ಸಿ ಮಡ್ಗವ್ನಂತೆ, ಓಗಿ ಮನಿಕ!"

ಮನೆ ಅಳಿಯ. ಈ ಎರಡು ಪದ ನನ್ನ ಬೆನ್ನಿಗೆ ಅಂಟುವುದೆಂದು ಊಹಿಸಿಯೇ ನನಗೆ ಬೆನ್ನು ತುರಿಸತೊಡಗಿತು. ಹಾಗೆಂದು ಹೆಂಡತಿಯನ್ನು ಚಾಮರಾಜನಗರಕ್ಕೆ ಬಾ ಎಂದು ಕರೆಯುವ ಧೈರ್ಯವೂ ಇಲ್ಲ. ದಿನಕ್ಕೆ ಅಷ್ಟು ದೂರ ಹೋಗಿಬರಬೇಕಾದವಳು ಅವಳು. ಆಗ ನನ್ನ ಕಸುಬು ಕೈಹಿಡಿಯಿತು. ಮೊಬೈಲಿನಲ್ಲಿ ನಕ್ಷೆ ತೆರೆದು ನನ್ನ ಆಫೀಸಿನಿಂದ ಹಂಗಳದವರೆಗೆ ದಾರಿ ಹಾಕಿದೆ. ನಲವತ್ತಾರು ಕಿಲೋಮೀಟರು. ಅರ್ಧ ಇಪ್ಪತ್ಮೂರು. ಅಲ್ಲಿ ಬೆರಳಿಟ್ಟರೆ ತೆರಕಣಾಂಬಿ.

"ನಿನಗೂ ಇಪ್ಪತ್ಮೂರು, ನನಗೂ ಇಪ್ಪತ್ಮೂರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ."

ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು. ಹೆಂಡತಿಯನ್ನು ಸಮವಾಗಿ ಕಾಣುವ ಗಂಡ ಎಂದು ಟೀ ಕುಡಿಯುವಾಗ ನನ್ನ ಉದಾಹರಣೆ ಕೊಡುವಷ್ಟು. ನಾನೂ ಕ್ರಮೇಣ ಅದನ್ನೇ ನಂಬಿದೆ. ಹೇಡಿತನಕ್ಕೆ ಇಷ್ಟು ಒಳ್ಳೆಯ ಹೆಸರು ಸಿಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಹೀಗೆ ಯಜಮಾನರ ಮನೆಯ ಹಿಂಭಾಗ ನಮ್ಮದಾಯಿತು. ದಿನಾ ಬೆಳಿಗ್ಗೆ ಒಂದೇ ಗೇಟಿನಿಂದ ಎರಡು ಸ್ಕೂಟರು ಹೊರಟು, ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗುತ್ತಿದ್ದವು. ಯಜಮಾನರು ಜಗುಲಿಯಿಂದ ನೋಡುತ್ತಿದ್ದರು. "ನೋಡ್ದೋರು ಜಗ್ಳ ಆಡ್ಕಂಡು ಓಯ್ತಾವ್ರೆ ಅನ್ಕತಾರೆ ಕಣ್ರಪ್ಪಾ," ಅಂದರು ಒಂದು ದಿನ.

ಜಗಳ ಆಮೇಲೆ ಬಂತು, ಅದೂ ಅಳತೆಯದೇ. ಜನವರಿಯ ಒಂದು ಶುಕ್ರವಾರ ಹೆಂಡತಿ ಸುಸ್ತಾಗಿ ಬಂದು ಹೆಲ್ಮೆಟನ್ನು ಮೊಳೆಗೆ ನೇತುಹಾಕುತ್ತ ಅಂದಳು: "ನಿಮ್ಮ ಮಧ್ಯ ನಿಮ್ಮ ಕಡೆಗೇ ವಾಲಿದೆ ಕಣ್ರೀ. ನೀವು ಅಳೆದದ್ದು ಹಂಗಳದ ಬಸ್‌ಸ್ಟಾಪಿನವರೆಗೆ. ಶಾಲೆ ಇನ್ನೂ ಒಳಗಿದೆ. ಏನಿಲ್ಲ ಅಂದ್ರೂ ಎರಡು ಕಿಲೋಮೀಟರ್ ನನಗೇ ಜಾಸ್ತಿ."

ನಗಬೇಕಿತ್ತು. ಕಾಫಿ ಮಾಡಿಕೊಡಬೇಕಿತ್ತು. ನನಗೆ ಮಾತ್ರ ಯಾರೋ ನನ್ನ ಅಳತೆಯ ಮೇಲೆ ಮೇಲ್ಮನವಿ ಹಾಕಿದಂತಾಯಿತು. "ನಾಳೆ ಎರಡನೇ ಶನಿವಾರ, ನನಗೆ ರಜೆ. ನಿನಗೆ ಬೆಳಗಿನ ಕ್ಲಾಸು. ನಿನ್ನ ಹಿಂದೇ ಗಾಡೀಲಿ ಬಂದು ಶಾಲೆ ಗೇಟಿನವರೆಗೂ ಅಳೀತೀನಿ," ಎಂದೆ.

"ಅಳೀರಿ," ಅಂದಳು. "ಅಳತೆ ಚೈನೂ ತಗೊಂಡು ಬನ್ನಿ."

ಮಾರನೆಯ ಬೆಳಿಗ್ಗೆ ಗೇಟಿನ ಹತ್ತಿರ ನನ್ನ ಸ್ಕೂಟರಿನ ಮೀಟರನ್ನು ಸೊನ್ನೆಗೆ ತಂದು ಅವಳ ಹಿಂದೆ ಹೊರಟೆ. ಚಳಿ ಇತ್ತು. ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಆ ತಿಂಗಳಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹುರುಳಿ ಗಿಡಗಳನ್ನು ಕಿತ್ತು ತಂದು ಟಾರಿನ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಟ್ರಾಕ್ಟರುಗಳು ಅದರ ಮೇಲೆ ಹರಿದು ಕಾಳು ಉದುರುತ್ತದೆ. ಸಂಜೆಗೆ ಗುಡಿಸಿ, ತೂರಿ, ಉಳಿದದ್ದನ್ನು ಬದಿಗೆ ಗುಡ್ಡೆ ಹಾಕಿ, ಮತ್ತೆ ಬೆಳಿಗ್ಗೆ ಮೊದಲ ಬಸ್ಸಿಗೇ ಸಿಗಲಿ ಎಂದು ಹರವುತ್ತಾರೆ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತು. ರಾತ್ರಿಯ ಮಂಜು ಕುಡಿದ ಹುರುಳಿ ಸೊಪ್ಪು ಎಣ್ಣೆ ಸವರಿದ ಬಾಳೆಎಲೆಯ ಹಾಗಿರುತ್ತದೆ ಎಂಬುದೂ ಗೊತ್ತು. ಅದರ ಮೇಲೆ ನನ್ನ ಹೆಂಡತಿ ದಿನಾ ಎರಡು ಸಲ ಹಾಯುತ್ತಾಳೆ ಎಂಬುದು ಮಾತ್ರ ನನ್ನ ಯಾವ ನಕ್ಷೆಯಲ್ಲೂ ಬಂದಿರಲಿಲ್ಲ.

ನಾವು ಜಮೀನು ಅಳೆಯಲು ಹೋದಲ್ಲಿ ಅಕ್ಕಪಕ್ಕದವರ ಹೇಳಿಕೆ ಬರೆದುಕೊಂಡು ಸ್ಥಳದಲ್ಲೇ ಮಹಜರು ಮಾಡುತ್ತೇವೆ. ಕಣ್ಣಾರೆ ಕಂಡೆ ಎನ್ನುವವನು ಎಷ್ಟು ಕಂಡಿರುತ್ತಾನೆ, ಎಷ್ಟು ಹೆಣೆದುಕೊಂಡಿರುತ್ತಾನೆ ಎಂದು ಗುರುತಿಸುವುದು ನನಗೆ ರೂಢಿ. ಆ ಬೆಳಗಿನ ಮಹಜರನ್ನು ನನ್ನ ತಲೆಯೊಳಗೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಕಡೆ ಸಾಕ್ಷಿ ಸಿಕ್ಕಿಬೀಳುತ್ತಾನೆ. ಅವಳು ಜಾರಿದ ಆ ಕ್ಷಣ ನಾನು ಅವಳನ್ನು ನೋಡುತ್ತಿರಲಿಲ್ಲ. ಮೀಟರು ನೋಡುತ್ತಿದ್ದೆ. ಆರು ಪಾಯಿಂಟ್ ನಾಲ್ಕು.

ತಲೆಯೆತ್ತಿದಾಗ ಅವಳ ಸ್ಕೂಟರು ಒಬ್ಬಂಟಿಯಾಗಿ ಎಡಕ್ಕೆ, ಹಳ್ಳದ ಕಡೆ ಹೋಗುತ್ತಿತ್ತು. ಅವಳು ಬಲಕ್ಕೆ, ರಸ್ತೆಯ ನಡುವಿಗೆ, ಮಗ್ಗುಲಾಗಿ, ಟಿಫನ್ ಬ್ಯಾಗಿನ ಸಮೇತ ಜಾರಿಕೊಂಡು ಹೋಗುತ್ತಿದ್ದಳು. ನಿಧಾನವಾಗಿ ಎಂಬಂತೆ ಕಾಣುತ್ತಿತ್ತು. ಎದುರಿನಿಂದ ಒಂದು ಖಾಲಿ ಲಾರಿ. ಕೇರಳಕ್ಕೆ ತರಕಾರಿ ತುಂಬಿಕೊಂಡು ಹೋಗಲು ತೆರಕಣಾಂಬಿಯ ಮಾರುಕಟ್ಟೆಗೆ ಬರುವಂಥದ್ದು. ಖಾಲಿ ಲಾರಿಗಳು ಖಾಲಿ ಡಬ್ಬದ ಹಾಗೆ ಸದ್ದು ಮಾಡುತ್ತ ಬರುತ್ತವೆ. ಹಾರನ್ ಕೇಳಿದ್ದು ನೆನಪಿದೆ. ಆಮೇಲೆ ಹುರುಳಿ ಸೊಪ್ಪು ಗಾಳಿಗೆದ್ದು ನನಗೂ ಅವಳಿಗೂ ನಡುವೆ ಏನೂ ಕಾಣದಂತಾಯಿತು.

ಸೊಪ್ಪು ಕೆಳಗಿಳಿದಾಗ ಲಾರಿ ಇರಲಿಲ್ಲ. ಅವಳು ರಸ್ತೆಯ ನಡುವೆ ಎದ್ದು ಕೂತಿದ್ದಳು. ಹೆಲ್ಮೆಟಿನ ತುಂಬ ಹುರುಳಿ ಹೊಟ್ಟು.

ಈಗ ನಾನು ಮಾಡಿದ್ದು. ಗಾಡಿ ನಿಲ್ಲಿಸಿದೆ. ಇಳಿದೆ. ಸೆಂಟರ್ ಸ್ಟ್ಯಾಂಡ್ ಹಾಕಿದೆ, ಸೈಡ್ ಸ್ಟ್ಯಾಂಡ್ ಅಲ್ಲ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ಲಾಕ್ ಮಾಡಿದೆ. ಒಮ್ಮೆ ಅಲ್ಲಾಡಿಸಿ ನೋಡಿದೆ. ಕೀ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಅದಾದ ಮೇಲೆ ಓಡಿದೆ.

ನನಗಿಂತ ಮೊದಲು ಅವಳನ್ನು ತಲುಪಿದ್ದು ಹುರುಳಿ ಹರವುತ್ತಿದ್ದ ಹೆಂಗಸು. ಅರವತ್ತು ದಾಟಿರಬೇಕು. ಕೈಯಲ್ಲಿದ್ದ ಕವೆಗೋಲನ್ನು ಎಸೆದು, ಸೀರೆ ಎತ್ತಿಕಟ್ಟಿಕೊಂಡು ಹೊಲದ ಬದುವಿನಿಂದ ಹಾರಿಬಂದು ನನ್ನ ಹೆಂಡತಿಯನ್ನು ಕಂಕುಳಿಗೆ ಕೈಕೊಟ್ಟು ರಸ್ತೆಯಂಚಿಗೆ ಎಳೆದಿದ್ದಳು. ಎಳೆಯುತ್ತಲೇ ಬೈಯುತ್ತಿದ್ದಳು.

"ಉಳ್ಳಿ ಮ್ಯಾಲೆ ಬಿರೇಕ್ ಆಕ್ತಾರೇನಮ್ಮಿ! ಆಕ್ಬಾರ್ದು ಕಣಮ್ಮಿ, ಸುಮ್ನೆ ಬುಟ್ಬುಡ್ಬೇಕು, ಅದೇ ಓಯ್ತದೆ. ಎಲ್ ಪೆಟ್ಟಾಯ್ತು, ಕೈ ಆಡ್ಸು ನೋಡನ." ನಾನು ಏದುಸಿರು ಬಿಡುತ್ತ ಹತ್ತಿರ ಬಂದದ್ದು ನೋಡಿ, "ನೀನ್ಯಾರಪ್ಪ?" ಅಂದಳು.

"ಇವಳ ಗಂಡ."

ಆ ಹೆಂಗಸು ನನ್ನನ್ನು ನೋಡಿದಳು. ದೂರದಲ್ಲಿ ನೆಟ್ಟಗೆ ನಿಂತಿದ್ದ ನನ್ನ ಸ್ಕೂಟರನ್ನು ನೋಡಿದಳು. "ಅಲ್ಲ ಕಣಪ್ಪೋ! ಎಂಡ್ತಿ ರೋಡಲ್ ಬಿದ್ದವ್ಳೆ, ನೀನು ಗಾಡಿಗ್ ಬೀಗ ಆಕ್ಕಂಡ್ ಕುಂತಿದ್ಯಲ್ಲ! ನಿನ್ ಗಾಡಿಯ ನಾನ್ ಎತ್ಕಂಡ್ ಓಯ್ತಿದ್ನಾ?"

ಬಲಗೈ ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು, ಮೊಣಕೈ ತರಚು, ಹೆಲ್ಮೆಟಿನ ಒಂದು ಬದಿ ಉಜ್ಜಿ ಬಿಳಿಯಾಗಿತ್ತು. ಅಷ್ಟೇ. ಗುಂಡ್ಲುಪೇಟೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದೆವು. ಅವಳು ದಾರಿಯುದ್ದಕ್ಕೂ ಮಕ್ಕಳಿಗೆ ಯಾರು ಕ್ಲಾಸು ತಗೊಂಡರೋ ಎಂದು ಯೋಚಿಸುತ್ತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಮೊದಲು ಕೂತವನು ನಾನು. ಡಾಕ್ಟರು ನನಗೆ ನೀರು ಕೊಡಿಸಿದರು.

ಆಮೇಲೆ ಶುರುವಾಯಿತು ನನ್ನ ಸಾಕ್ಷಿ. ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಡಾಕ್ಟರಿಗೆ ಹೇಳುವಾಗ ಲಾರಿ ಅವಳ ತಲೆಯಿಂದ ಒಂದು ಮಾರು ದೂರದಲ್ಲಿ ಹೋಗಿತ್ತು. ಸಂಜೆ ಯಜಮಾನರಿಗೆ ಹೇಳುವಾಗ ಒಂದು ಮೊಳಕ್ಕೆ ಬಂತು. ಭಾನುವಾರ ಅಣ್ಣನಿಗೆ ಫೋನಿನಲ್ಲಿ ಹೇಳುವ ಹೊತ್ತಿಗೆ ಗೇಣಾಗಿತ್ತು. ಒಂದಡಿಗೆ ಪ್ರಾಣ ಬಿಡುವವನ ಅಳತೆ! ಹೆಂಡತಿ ಪಕ್ಕದಲ್ಲಿ ಕೂತು ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯಲು ಹೆಣಗುತ್ತ, "ಇನ್ನೊಬ್ಬರಿಗೆ ಹೇಳಿದ್ರೆ ನಾನು ಸತ್ತೇ ಹೋಗ್ತೀನಿ, ಸಾಕು ಮಾಡಿ," ಅಂದಳು.

ಸಾಕು ಮಾಡಲು ನನ್ನಿಂದಾಗುತ್ತಿರಲಿಲ್ಲ. ಹಲ್ಲುಜ್ಜುವಾಗ, ಯಾರದೋ ಬದುವಿನ ಮೇಲೆ ನಿಂತು ನಕ್ಷೆ ಬಿಡಿಸುವಾಗ, ಮತ್ತೆ ಆ ಸೊಪ್ಪು ಗಾಳಿಗೇಳುತ್ತಿತ್ತು. ಅದರ ಹಿಂದೆ ಏನಿದೆ ಎಂದು ತಿಳಿಯದ ಆ ಹೊತ್ತು ಮತ್ತೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಕೊನೆಗೆ ಜೇಬಿನಲ್ಲಿ ಕೀಯ ಭಾರ.

ಸೋಮವಾರ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುವೆನೆಂದು ತಿಳಿಸಿ, ಅಳತೆಯ ಟೇಪು ತೆಗೆದುಕೊಂಡು ಆ ಜಾಗಕ್ಕೆ ಹೋದೆ. ಏಕೆಂದು ಕೇಳಿದರೆ ಉತ್ತರವಿಲ್ಲ. ಹೆಲ್ಮೆಟ್ ಉಜ್ಜಿದ ಗೀರು ಟಾರಿನ ಮೇಲೆ ಇನ್ನೂ ಇತ್ತು. ಅಲ್ಲಿಂದ ಲಾರಿಯ ಚಕ್ರ ಹೋಗಿರಬಹುದಾದ ಜಾಗಕ್ಕೆ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾಗ ಹಿಂದಿನಿಂದ ದನಿ ಬಂತು.

"ಸಾಮಿ, ರೋಡ್ ಅಗ್ಲ ಮಾಡಾರಾ? ಎಷ್ಟ್ ಓಯ್ತದೆ ನಮ್ದು? ನಮ್ ಒಲ ಇರದೇ ಒಂದ್ ತುಂಡು, ನೋಡ್ಕಂಡ್ ಅಳೀರಪ್ಪ..."

ತಿರುಗಿದೆ. ಹುರುಳಿ ಹರವುತ್ತಿದ್ದ ಅದೇ ಹೆಂಗಸು. ಅವಳ ಮುಖದಲ್ಲಿದ್ದ ಆತಂಕ ಹಾಗೇ ಕರಗಿ ಬಾಯಿತುಂಬ ನಗುವಾಯಿತು.

"ಅಯ್ಯೋ, ಬೀಗದೋನು! ನೀನಾ? ಏನ್ ಅಳೀತಿದ್ದೀಯಪ್ಪ?"

"ಲಾರಿ ಎಷ್ಟು ಹತ್ತಿರ ಬಂದಿತ್ತು ಅಂತ, ಅವ್ವಾ."

"ಅದ ಅಳ್ದು ಏನ್ ಮಾಡೀಯೆ?"

ನಾನು ಟೇಪಿನ ತುದಿಯನ್ನು ಗೀರಿನ ಮೇಲೆ ಮತ್ತೊಮ್ಮೆ ಸರಿಮಾಡಿದೆ. ಅವಳು ಪಕ್ಕದಲ್ಲೇ ಕೂತು ಸೆರಗಿನ ಗಂಟಿನಿಂದ ಎಲೆಯಡಿಕೆ ಬಿಚ್ಚಿದಳು. ನಮ್ಮ ಮನೆ ಎಲ್ಲಿ, ಆ ಹುಡುಗಿಯ ಶಾಲೆ ಎಲ್ಲಿ, ನನ್ನ ಕೆಲಸ ಎಲ್ಲಿ ಎಂದು ಒಂದೊಂದಾಗಿ ಕೇಳಿದಳು. ತವರು ಎಲ್ಲೆಂದೂ ಕೇಳಿದಳು. ಎಲ್ಲ ಹೇಳಿದೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಅಗಿದು, "ತವ್ರು ಅಂಗ್ಳ, ಕೆಲ್ಸ ಅಂಗ್ಳ, ಮನೆ ಮಾತ್ರ ತೆರ್ಕಣಾಂಬಿ. ಯಾಕ್ಲಾ, ಅಂಗ್ಳದಲ್ ಮನೆ ಇರ್ನಿಲ್ವಾ?" ಅಂದಳು.

ಹರವೆಯ ಯಾವ ಅಣ್ಣತಮ್ಮಂದಿರೂ ನನ್ನ ಅಳತೆಯನ್ನು ಇಷ್ಟು ಸಲೀಸಾಗಿ ಸುಳ್ಳು ಮಾಡಿರಲಿಲ್ಲ. ಟೇಪು ಸುತ್ತಿಕೊಂಡು, ಆಫೀಸಿಗೆ ಹೋಗದೆ, ತಿರುಗಿ ಮನೆಗೆ ಬಂದೆ.

ಹೆಂಡತಿ ರಜೆಯಲ್ಲಿದ್ದಳು. ಹಿತ್ತಿಲ ಬಿಸಿಲಲ್ಲಿ ಕೂತು ಎಡಗೈಯಲ್ಲಿ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಅವಳ ಎಡಗೈಯ 'ಸರಿ' ಗುರುತುಗಳೆಲ್ಲ ತಪ್ಪು ಗುರುತಿನ ಹಾಗೆ ಕಾಣುತ್ತಿದ್ದವು.

"ಆನೆ ವಿಷಯ ಸುಳ್ಳು ಕಣೇ," ಎಂದೆ ನಿಂತಲ್ಲೇ.

"ಯಾವ ಆನೆ?"

"ಹಂಗಳದ ಆನೆ. ನನಗೆ ಭಯ ಇದ್ದದ್ದು ಆನೇದಲ್ಲ. ಮನೆ ಅಳಿಯ ಅಂತಾರೆ ಅಂತ. ಅದಕ್ಕೇ ಈ ಮಧ್ಯ, ಸಮ, ಎಲ್ಲ ಹುಡುಕಿದ್ದು. ನಾನು ಹಂಗಳಕ್ಕೆ ಬಂದಿದ್ದರೆ ನೀನು ಈ ರೋಡಲ್ಲಿ ಗಾಡಿ ಓಡಿಸೋದೇ ಇರಲಿಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಅದಕ್ಕೆ ಒಂದು ಕೈ ಸಾಲದೆ ಹಲ್ಲಿನಿಂದ ಕಚ್ಚಿ ಹಾಕಿದಳು. "ಗೊತ್ತು," ಅಂದಳು.

"ಯಾವಾಗಿಂದ?"

"ಕೊಟ್ಟಿಗೆ ಬಾಗಿಲಲ್ಲಿ ನಿಮ್ಮಣ್ಣ ಕೂಗಿದಾಗ ನಾನು ಒಳಗೆ ಕಾಫಿ ಸೋಸ್ತಿದ್ದೆ. ನನಗೇನು ಕಿವಿ ಕೇಳಲ್ವಾ?"

"ಮತ್ತೆ ಯಾಕೆ ಸುಮ್ಮನೆ ಒಪ್ಪಿಕೊಂಡೆ?"

"ನೀವು ನಕ್ಷೆ ತೋರಿಸಿದಾಗ ಮುಖದಲ್ಲಿ ಎಷ್ಟು ಖುಷಿ ಇತ್ತು ಅಂದ್ರೆ, ಹಾಳಾಗ್ಲಿ, ನಾಲ್ಕು ತಿಂಗಳು ಓಡಾಡಿದ್ರೆ ತಾವೇ ಸರಿಹೋಗ್ತಾರೆ ಅಂದ್ಕೊಂಡೆ." ಅವಳ ದನಿ ಅಲ್ಲಿ ಸ್ವಲ್ಪ ತಗ್ಗಿತು. "ಲಾರಿ ಬರುತ್ತೆ ಅಂದ್ಕೊಂಡಿರಲಿಲ್ಲ."

ನಾನು ಅವಳ ಪಕ್ಕ ಕೂತೆ. ಬಿದ್ದ ದಿನದಿಂದ ಅವಳು ಅಳುವುದನ್ನು ನೋಡಿರಲಿಲ್ಲ. ಆಗ ಅತ್ತಳು, ಒಂದೆರಡು ನಿಮಿಷ. ಮುಗಿಸಿ, ಪಟ್ಟಿ ಹಾಕಿದ ಕೈಯಿಂದಲೇ ಮೂಗು ಒರೆಸಿಕೊಂಡು, "ಅದ್ಸರಿ, ಆ ಲಾಕ್ ಅಲ್ಲಾಡಿಸಿ ಬೇರೆ ನೋಡಿದ್ರಂತೆ?" ಅಂದಳು.

"ಯಾರು ಹೇಳಿದ್ದು?"

"ನೀವೇ. ಡಾಕ್ಟರ ಮುಂದೆ."

ಪಟ್ಟಿ ಬಿಚ್ಚುವ ಮೊದಲೇ ಹಂಗಳದಲ್ಲಿ ಮನೆ ಮಾಡಿದೆವು. ಮಾವನ ಮನೆಯಿಂದ ಎರಡು ಬೀದಿ ಆಚೆ. ಎಷ್ಟು ಹೆಜ್ಜೆ ಎಂದು ನಾನು ಅಳೆದಿಲ್ಲ. ತೆರಕಣಾಂಬಿಯ ಯಜಮಾನರು ಸಾಮಾನು ತುಂಬುವ ಟೆಂಪೋದ ಹತ್ತಿರ ಬಂದು, "ಈಗೊಬ್ರಿಗಾದ್ರೂ ಅತ್ರ ಆಯ್ತಲ್ಲ," ಎಂದು ಎರಡು ತೆಂಗಿನಕಾಯಿ ಕೊಟ್ಟರು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ದನದ ಕೊರಳ ಗಂಟೆ ಕೇಳಿಸಿತು. ಆಮೇಲೆ, "ಮಂಚ ಕೊಟ್ನಾ ಮಾವ?" ಅಂದ. "ಕೊಟ್ಟ," ಎಂದೆ. "ತೇಗದ್ದಾ?" "ಹೂಂ." "ಬುಡು ಮತ್ತೆ," ಅಂದ. ಇಷ್ಟಕ್ಕೆ ನಾನು ನಾಲ್ಕು ತಿಂಗಳು ಹೆದರಿದ್ದೆ.

ಹೆಂಡತಿ ಈಗ ಶಾಲೆಗೆ ನಡೆದೇ ಹೋಗುತ್ತಾಳೆ. ನಾನು ಹಂಗಳದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು. ಅವಳು ಹೇಳಿದ್ದ ಬಸ್ಸಿನ ನಿದ್ದೆ ನನಗೆ ಇನ್ನೂ ಸಿಕ್ಕಿಲ್ಲ. ಗುಂಡ್ಲುಪೇಟೆ ಬಿಟ್ಟು ಕೆಲವು ನಿಮಿಷಕ್ಕೆ ಅವಳು ಬಿದ್ದ ಜಾಗ ಬರುತ್ತದೆ. ಬಸ್ಸಿನ ಚಕ್ರದಡಿ ಹುರುಳಿ ಸಿಡಿಯುವ ಸದ್ದು ಕೇಳಿಸಿದ್ದೇ ತಡ, ನನ್ನ ಎರಡೂ ಕಾಲು ತಾವಾಗಿ ಮೇಲೇಳುತ್ತವೆ, ಕೈ ಮುಂದಿನ ಸೀಟಿನ ಕಂಬಿ ಹಿಡಿಯುತ್ತದೆ. ಮೊನ್ನೆ ಕಂಡಕ್ಟರ್ ನೋಡಿಬಿಟ್ಟ. "ಯಾಕ್ ಸಾರ್, ಕೆಳಗೇನಾರ ಅದಾ?" ಎಂದು ಬಗ್ಗಿ ಸೀಟಿನಡಿ ಹುಡುಕಿದ.

ಕಿಟಕಿಯಾಚೆ ಆ ಹೆಂಗಸು ಕವೆಗೋಲು ಹಿಡಿದು ಬಸ್ಸು ಹಾದುಹೋಗಲಿ ಎಂದು ನಿಂತಿದ್ದಳು. ನನ್ನ ಗುರುತು ಹತ್ತಿತೋ ಏನೋ, ಬಲಗೈ ಎತ್ತಿ ಗಾಳಿಯಲ್ಲಿ ಕೀ ತಿರುಗಿಸುವ ಹಾಗೆ ಮಾಡಿ ನಕ್ಕಳು. ನಾನು ಒಂದು ಕೈ ಕಂಬಿಯಿಂದ ಬಿಡಿಸಿ ಬೀಸಿದೆ. ಕಾಲು ಮಾತ್ರ ಇನ್ನೂ ಮೇಲೇ ಇದ್ದವು.